ಯಾಡಿಫ್ 2ಎಕ್ಸ್: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಹದಿನಾಲ್ಕು ಮಿನಿಡಿವಿ ಕ್ಯಾಸೆಟ್ ಇವೆ. ಅಕ್ಕನ ಮದುವೆ, ಅಜ್ಜನ ಸಹಸ್ರಚಂದ್ರ ಶಾಂತಿ, ಊರ ಗದ್ದೆಯಲ್ಲಿ ಹರಕೆಗೆ ಆಡಿಸಿದ ಬಯಲಾಟ. ಎಲ್ಲ 2003ರಿಂದ 2008ರ ನಡುವೆ ಹ್ಯಾಂಡಿಕ್ಯಾಮ್‌ನಲ್ಲಿ ಹಿಡಿದದ್ದು. ಅವನ್ನು ಕಂಪ್ಯೂಟರಿನಲ್ಲಿ ನೋಡಲು ನಾಲ್ಕು ವರ್ಷದಿಂದ ವಿಎಲ್‌ಸಿ ಪ್ಲೇಯರಿನ ‘ಯಾಡಿಫ್ 2ಎಕ್ಸ್’ ಬಳಸುತ್ತಿದ್ದೇನೆ. ಹಳೆ ಟೇಪಿನ ವಿಡಿಯೋ ಕಂಪ್ಯೂಟರಿನಲ್ಲೂ ಸರಾಗವಾಗಿ ಓಡುವಂತೆ ಮಾಡುವ ಒಂದು ಸೆಟ್ಟಿಂಗ್ ಅದು. ಪುಕ್ಕಟೆ ಸಿಗುತ್ತದೆ. ಆದರೂ ಸರಿಯಾಗಿ ಕೆಲಸ ಮಾಡಿಸಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

ಮೊದಲು ಕ್ಯಾಸೆಟ್‌ಗಳನ್ನು ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. ಪೆನ್‌ಡ್ರೈವ್‌ನಲ್ಲಿ ಎಂಪಿ4 ಮಾಡಿಕೊಟ್ಟರು. ಬಯಲಾಟ ಹಾಕಿ ನೋಡಿದರೆ ಪುಂಡುವೇಷ ಗಿರಕಿ ಹೊಡೆಯುವಾಗ ಒಬ್ಬರ ಮೈಮೇಲೆ ಇನ್ನೊಬ್ಬರು ಕುಣಿದಂತೆ ಕಾಣುತ್ತಿತ್ತು. ಟೇಪ್ ಹಳತಾಗಿದೆ, ಅಷ್ಟೇ ಅಂದುಕೊಂಡೆ. ಆದರೆ ಅದೇ ಕ್ಯಾಮೆರಾವನ್ನು ಅಟ್ಟದ ಮೇಲಿದ್ದ ಡಬ್ಬಾ ಟೀವಿಗೆ ಹಚ್ಚಿದಾಗ ಕುಣಿತ ನೀರು ಹರಿದ ಹಾಗೆ ಬಂತು. ಟೇಪ್‌ದು ತಪ್ಪಲ್ಲ ಅಂತ ಆಗ ಗೊತ್ತಾಯಿತು.

ವಿಷಯ ಇಷ್ಟೇ. ಆ ಕಾಲಕ್ಕೆ ನಮ್ಮ ದೇಶದ್ದು ಪಾಲ್ ಎಂಬ ಟೀವಿ ಪದ್ಧತಿ. ಚಿತ್ರದಲ್ಲಿ 576 ಗೆರೆ. ಕ್ಯಾಮೆರಾ ಒಂದು ಸಲಕ್ಕೆ ಗೆರೆ ಬಿಟ್ಟು ಗೆರೆ, ಅಂದರೆ ಅರ್ಧ ಗೆರೆಗಳನ್ನು ಮಾತ್ರ ಹಿಡಿಯುತ್ತದೆ. ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲೆ ಉಳಿದರ್ಧ. ಲೆಕ್ಕಕ್ಕೆ ಸೆಕೆಂಡಿಗೆ 25 ಫ್ರೇಮ್, ಆದರೆ ಒಳಗಿರುವುದು 50 ಬೇರೆ ಬೇರೆ ಗಳಿಗೆ. ಹಳೆ ಟೀವಿ ಅವನ್ನು ಬಂದ ಹಾಗೇ ಒಂದಾದ ಮೇಲೊಂದು ತೋರಿಸುತ್ತಿತ್ತು. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಅಂಟಿಸುತ್ತದೆ. ಆಗ ಬೀಸಿದ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ. ಹಲ್ಲು ಹೋಗಿಸಲು ಸುಲಭದ ದಾರಿ ಎಂದರೆ ಒಂದು ಅರ್ಧವನ್ನು ಎಸೆಯುವುದು, ಇಲ್ಲವೇ ಎರಡನ್ನೂ ಕಲಸುವುದು. ಸ್ಟುಡಿಯೋದಿಂದ ನನಗೆ ಬಂದದ್ದು ಕಲಸಿದ್ದು. ಅದಕ್ಕೇ ಕ್ಯಾಸೆಟ್‌ಗಳನ್ನು ನಾನೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೇನೆ.

ಯಾಡಿಫ್ 2ಎಕ್ಸ್ ಪ್ರತಿ ಅರ್ಧವನ್ನೂ ಒಂದು ಪೂರ್ತಿ ಚಿತ್ರ ಮಾಡುತ್ತದೆ. ಇಲ್ಲದ ಗೆರೆಗಳನ್ನು ಮೇಲಿನ, ಕೆಳಗಿನ ಗೆರೆ ನೋಡಿ, ಹಿಂದಿನ, ಮುಂದಿನ ಅರ್ಧ ನೋಡಿ ಊಹಿಸುತ್ತದೆ. ಹಾಗಾಗಿ ಸೆಕೆಂಡಿಗೆ 50 ಚಿತ್ರ. ಈಗಿನ ಟೀವಿಗಳು ಇಲ್ಲದ ಚಿತ್ರ ಹುಟ್ಟಿಸಿ ನಡುವೆ ತುರುಕುತ್ತವಲ್ಲ, ಅದು ಬೇರೆ, ಇದು ಬೇರೆ. ಇಲ್ಲಿ ಊಹೆ ಗೆರೆಗಳದ್ದು ಮಾತ್ರ. ಗಳಿಗೆ ಎಲ್ಲವೂ ಕ್ಯಾಮೆರಾ ಕಂಡದ್ದೇ. ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ವಿಡಿಯೋ ಭಾಗಕ್ಕೆ ಹೋಗಿ ಡಿಇಂಟರ್‌ಲೇಸಿಂಗ್ (ಅರ್ಧಗಳನ್ನು ಬಿಡಿಸಿ ಪೂರ್ತಿ ಚಿತ್ರ ಮಾಡುವುದು) ಆನ್ ಮಾಡಿ ಈ ಬಗೆ ಆರಿಸಿದರೆ ಸಾಕು. ಬರೀ ‘ಯಾಡಿಫ್’ ಅಂತ ಇನ್ನೊಂದಿದೆ. ಅದನ್ನು ಆರಿಸಿದರೆ ಮತ್ತೆ 25ಕ್ಕೇ ಬರುತ್ತೀರಿ. ನಾನು ಆರು ತಿಂಗಳು ಅದನ್ನೇ ಇಟ್ಟುಕೊಂಡು ಕೂತಿದ್ದೆ!

ಇಷ್ಟಾದರೂ ಕ್ಯಾಮೆರಾ ನಿಧಾನ ತಿರುಗುವ ಕಡೆ, ಮದುವೆ ಚಪ್ಪರದ ಉದ್ದಕ್ಕೂ, ಸಣ್ಣಗೆ ತಡವರಿಸುತ್ತಿತ್ತು. ಕಾರಣ ಮಾನಿಟರ್. ಅದು ಸೆಕೆಂಡಿಗೆ 60 ಸಲ ತೋರಿಸುತ್ತದೆ, ಬರುವುದು 50 ಚಿತ್ರ. ಲೆಕ್ಕ ಸರಿದೂಗಿಸಲು ಐದರಲ್ಲಿ ಒಂದು ಚಿತ್ರ ಎರಡು ಸಲ ನಿಲ್ಲುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ತೋರಿಸುವ ಆಯ್ಕೆ ಇತ್ತು, ಪುಣ್ಯಕ್ಕೆ. ಹಾಕಿದೆ. ತಡವರಿಕೆ ಮಾಯ. ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡು, “ಈಗ ಸರಿಯಾಯ್ತು ನೋಡು, ಟೀವೀಲಿ ಇದ್ದ ಹಾಗೇ” ಅಂದರು. ಎಲ್ಲ ಮಾನಿಟರಿನಲ್ಲೂ 50 ಇರುವುದಿಲ್ಲ. 100 ಹರ್ಟ್ಸ್ ಇದ್ದರೂ ಆಗುತ್ತದೆ. 75 ಇದ್ದರೆ ಪ್ರಯೋಜನವಿಲ್ಲ, ಅಲ್ಲೂ ಲೆಕ್ಕ ಕೂಡುವುದಿಲ್ಲ.

ಒಂದು ಎಡವಟ್ಟು ನನ್ನದೇ. ಕ್ಯಾಸೆಟ್‌ನಲ್ಲಿ ಇದ್ದ ಹಾಗೇ ಇಳಿಸಿದ ಡಿವಿ ಫೈಲ್ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. ಜಾಗ ಉಳಿಸಲು ಎರಡು ಕ್ಯಾಸೆಟ್‌ನ ಫೈಲ್ ಚಿಕ್ಕದು ಮಾಡಿದೆ. ಡಿವಿಯಲ್ಲಿ ಕೆಳಗಿನ ಅರ್ಧ, ಅಂದರೆ ಎರಡನೇ ಗೆರೆಯಿಂದ ಶುರುವಾಗುವುದು, ಮೊದಲು, ನಾನು ಮೇಲಿನದು ಮೊದಲು ಎಂದು ಕೊಟ್ಟುಬಿಟ್ಟೆ. ಅಕ್ಕ ಧಾರೆ ಮಂಟಪಕ್ಕೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಟ್ಟು ಬಂದಳು. ಭಾವ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ. ಮೂಲ ಫೈಲ್ ಅಳಿಸಿರಲಿಲ್ಲ, ಬಚಾವ್.

ಕುಂದುಗಳೂ ಇವೆ. ಹೆಂಚಿನ ಸಾಲು, ಸೀರೆಯ ಸಣ್ಣ ಅಂಚು ಇಂಥ ಕಡೆ ಚಿತ್ರ ಮಿಣಮಿಣ ಅನ್ನುತ್ತದೆ. ಇದಕ್ಕೆ ಕ್ಯೂಟಿಜಿಎಂಸಿ ಅನ್ನುವ ಸ್ಕ್ರಿಪ್ಟ್ (ಇದೇ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಂ) ಇದೆ, ಫಲಿತಾಂಶ ತುಂಬಾ ಚೆನ್ನ. ಆದರೆ ಬಹಳ ನಿಧಾನ. ಫೈಲನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ಇನ್ನು ಸಿನಿಮಾ ಡಿವಿಡಿಗೆ ಸಾಮಾನ್ಯವಾಗಿ 2ಎಕ್ಸ್ ಬೇಡವೇ ಬೇಡ. ಸಿನಿಮಾ ತೆಗೆದದ್ದೇ ಸೆಕೆಂಡಿಗೆ 24 ಫ್ರೇಮ್. ಎರಡು ಅರ್ಧವೂ ಒಂದೇ ಗಳಿಗೆಯದು, ಸಿಗುವುದೇನೂ ಇಲ್ಲ.

ಈಚೆಗೆ ಎಂಪಿವಿ ಅನ್ನುವ ಇನ್ನೊಂದು ಪ್ಲೇಯರ್‌ಗೆ ಹೆಚ್ಚು ಒಗ್ಗಿದ್ದೇನೆ. ‘ಡಿ’ ಕೀಲಿ ಒತ್ತಿದರೆ ನೇರ 50ಕ್ಕೇ ಹೋಗುತ್ತದೆ, ಬಗೆ ಆರಿಸುವ ರಗಳೆ ಇಲ್ಲ. ಮೆನು ಬೇಕು ಅನ್ನುವ ಅಪ್ಪನಿಗೆ ಮಾತ್ರ ವಿಎಲ್‌ಸಿಯೇ.

ಸ್ಟುಡಿಯೋಗೆ ಕೊಡುವವರು ಎಂಪಿ4 ಬೇಡ, ಫೈರ್‌ವೈರ್ ಕೇಬಲ್‌ನಲ್ಲಿ (ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಕೇಬಲ್) ಇಳಿಸಿದ ಡಿವಿ ಫೈಲನ್ನೇ ಹಾಗೇ ಕೊಡಿ ಅಂತ ಹೇಳಿ. ನಾನು ಭಾವನ ಹಳೆ ಕಂಪ್ಯೂಟರಿನಲ್ಲಿ ಒಂದೊಂದೇ ಇಳಿಸುತ್ತಿದ್ದೇನೆ. ಇನ್ನೆರಡು ಕ್ಯಾಸೆಟ್ ಬಾಕಿ. ಒಂದರ ಮೇಲೆ ಅಮ್ಮನ ಕೈಬರಹದಲ್ಲಿ ‘ಸುಮ್ನೆ ತೆಗೆದದ್ದು’ ಅಂತ ಇದೆ.