1885ಕ್ಕೆ ಕಾರು, 1877ಕ್ಕೆ ಬೈಕು

ಟೈಮ್ ಟ್ರಾವೆಲ್ ಕಥೆಯನ್ನು ಕೌಬಾಯ್ ಸಿನಿಮಾದೊಳಗೆ ತಂದರೆ ಎರಡೂ ಬೆರೆಯುತ್ತವಾ? ನೋಡೇ ಬಿಡೋಣ ಅಂತ ಕಳೆದ ವಾರ ಎರಡು ಸಿನಿಮಾ ಹಾಕಿಕೊಂಡು ಕೂತೆ. ಒಂದು 1982ರ 'ಟೈಮ್‌ರೈಡರ್'. ಇನ್ನೊಂದು 1990ರ 'ಬ್ಯಾಕ್ ಟು ದ ಫ್ಯೂಚರ್' ಮೂರನೇ ಭಾಗ.

'ಟೈಮ್‌ರೈಡರ್' ಶುರುವಾಗುವ ರೀತಿ ನನಗೆ ತುಂಬಾ ಹಿಡಿಸಿತು. ಬೈಕ್ ರೇಸರ್ ಲೈಲ್ ಸ್ವಾನ್ ಮೆಕ್ಸಿಕೋದ ಮರುಭೂಮಿಯಲ್ಲಿ ರೇಸಿನ ದಾರಿ ತಪ್ಪುತ್ತಾನೆ. ಅಲ್ಲೇ ನಡೆಯುತ್ತಿದ್ದ ಒಂದು ಪ್ರಯೋಗದ ನಡುವೆ ನುಗ್ಗಿ, ಬೈಕಿನ ಸಮೇತ 1877ಕ್ಕೆ ಹೋಗಿಬಿಡುತ್ತಾನೆ. ಆದರೆ ಅದು ಅವನಿಗೇ ಗೊತ್ತಿಲ್ಲ! ಮರುಭೂಮಿ ಯಾವ ಕಾಲದಲ್ಲೂ ಒಂದೇ ಥರ ಇರುತ್ತೆ ಅಲ್ವಾ, ಹಾಗಾಗಿ ನಾವೂ ನಂಬುತ್ತೇವೆ. ಹೆಲ್ಮೆಟ್ ಹಾಕಿಕೊಂಡು ಸದ್ದು ಮಾಡುತ್ತಾ ಬಂದವನನ್ನು ನೋಡಿ ಊರಿನವರು ದೆವ್ವ ಅಂದುಕೊಳ್ಳುತ್ತಾರೆ. ಡಕಾಯಿತರಿಗೆ ಮಾತ್ರ ಬೈಕಿನ ಮೇಲೇ ಕಣ್ಣು.

ಅಲ್ಲಿಂದ ಮುಂದೆ ಬರೀ ಓಟ, ಗುಂಡಿನ ಸದ್ದು. ಬೈಕು ಸುಮ್ನೆ ಜೋರಾಗಿ ಓಡುವ ಕುದುರೆಯಾಗಿ ಉಳಿಯುತ್ತದೆ. ತಾನು ಬೇರೆ ಕಾಲದಲ್ಲಿದ್ದೇನೆ ಅಂತ ತಿಳಿಯದವನಿಗೆ ಚಿಂತೆಯಾದರೂ ಏನು, ಆಸೆಯಾದರೂ ಏನು? ಕೊನೆಯಲ್ಲಿ ಒಂದು ಪದಕದಿಂದ ಅವನಿಗೆ ಎಲ್ಲಾ ಅರ್ಥವಾಗುವ ಕ್ಷಣ ನಿಜಕ್ಕೂ ಚೆನ್ನಾಗಿದೆ. ಆದರೆ ಅಷ್ಟು ಹೊತ್ತಿಗೆ ಸಿನಿಮಾನೇ ಮುಗಿದಿರುತ್ತದೆ.

ಇನ್ನೊಂದರಲ್ಲಿ ಮಾರ್ಟಿ ಎಂಬ ಹುಡುಗ, ಹಳೇ ಕಾಲದಲ್ಲಿ ಸಿಕ್ಕಿಕೊಂಡಿರುವ ತನ್ನ ವಿಜ್ಞಾನಿ ಗೆಳೆಯ ಡಾಕ್ ಬ್ರೌನ್‌ನನ್ನು ಕರೆತರಲು 1885ಕ್ಕೆ ಬಂದ ಕೂಡಲೇ ಕಾರಿನ ಪೆಟ್ರೋಲ್ ಪೈಪ್ ಹರಿದುಹೋಗುತ್ತದೆ. ಆ ಕಾಲದ ಆ ಊರಲ್ಲಿ ಪೆಟ್ರೋಲ್ ಎಲ್ಲಿ ಸಿಗಬೇಕು? ಕಾರಲ್ಲಿ ಟೈಮ್ ಮಷಿನ್ ಸರಿಯಾಗೇ ಇದೆ, ಆದರೆ ಗಂಟೆಗೆ 88 ಮೈಲಿ ವೇಗ ಮುಟ್ಟದೆ ಅದು ಕೆಲಸ ಮಾಡುವುದಿಲ್ಲ. ಕುದುರೆ ಕಟ್ಟಿ ಎಳೆಸುತ್ತಾರೆ, ಆಗಲ್ಲ. ಸಲೂನಿನ ವಿಸ್ಕಿ ಸುರಿಯುತ್ತಾರೆ, ಎಂಜಿನ್ನಿನ ಒಂದು ಭಾಗವೇ ಸಿಡಿಯುತ್ತದೆ. ಕಡೆಗೆ ಹಬೆ ರೈಲಿನಿಂದ ಕಾರನ್ನು ಹಿಂದಿನಿಂದ ತಳ್ಳಿಸುವುದು ಅಂತ ತೀರ್ಮಾನ.

ನನ್ನ ಪ್ರಕಾರ ಇಲ್ಲೇ ಎರಡು ಬಗೆಯ ಸಿನಿಮಾ ನಿಜವಾಗಿ ಒಂದಾಗುವುದು. ಕುದುರೆ, ವಿಸ್ಕಿ, ರೈಲು ಎಲ್ಲಾ ಕೌಬಾಯ್ ಸಿನಿಮಾದ ಹಳೇ ಸಾಮಾನು. ಅವನ್ನೇ ಹಿಡಿದುಕೊಂಡು ಮುಂದಿನ ಕಾಲದ ತೊಂದರೆ ಬಿಡಿಸಬೇಕು. ರೈಲನ್ನು ಅಡ್ಡಗಟ್ಟುವ ದೃಶ್ಯ ಎಷ್ಟೋ ಸಿನಿಮಾದಲ್ಲಿದೆ, ಆದರೆ ಇಲ್ಲಿ ಕದಿಯುವುದು ಹಣವನ್ನಲ್ಲ, ವೇಗವನ್ನು. ಡಾಕ್ ಬ್ರೌನ್‌ಗೆ ಆ ಊರಿನ ಟೀಚರ್ ಕ್ಲಾರಾ ಮೇಲೆ ಪ್ರೀತಿ ಹುಟ್ಟುವುದೂ ಅಷ್ಟೇ ಮುಖ್ಯ. ಹೊರಡಬೇಕು ಅಂತ ಗೊತ್ತಿದ್ದವನಿಗೆ ಮಾತ್ರ ಆ ಸಂಕಟ. ಸ್ವಾನ್‌ಗೆ ಅದು ಸಿಗಲೇ ಇಲ್ಲ.

ನಡುವೆ ಹಬ್ಬದ ಕುಣಿತ ಸ್ವಲ್ಪ ಜಾಸ್ತಿ ಎಳೆದಂತಾಯಿತು. ಪರವಾಗಿಲ್ಲ. ಯಾಕಂದರೆ ಕೊನೆಯಲ್ಲಿ ಆ ಕಂದರ ಇದೆ. 1885ರಲ್ಲಿ ಸೇತುವೆ ಇನ್ನೂ ಪೂರ್ತಿ ಕಟ್ಟಿಲ್ಲ. ರೈಲು ಕೆಳಗೆ ಬೀಳುತ್ತದೆ. ಕಾರು ಮಾತ್ರ 1985ಕ್ಕೆ ಜಿಗಿದು, ಕಟ್ಟಿ ಮುಗಿದ ಸೇತುವೆಯ ಮೇಲೆ ಉರುಳಿಕೊಂಡು ಹೋಗುತ್ತದೆ. ಈ ಒಂದು ದೃಶ್ಯವನ್ನು ಹಿಂದಕ್ಕೆ ಹಾಕಿ ಹಾಕಿ ಮೂರು ಸಲ ನೋಡಿದೆ.