ಕಾನ್ಪುರದ .32 ಕೊಟ್ಟು ಹಳೇ ವೆಬ್ಲಿ ತಗೊಳ್ಳೋದಾ?

ಕೈಯಲ್ಲಿರುವ ಕಾನ್ಪುರದ .32 ರಿವಾಲ್ವರನ್ನು ಕೊಟ್ಟು, ಮೇಲೆ ಹಣವನ್ನೂ ಹಾಕಿ ಹಳೇ ಬ್ರಿಟಿಷ್ ವೆಬ್ಲಿ ರಿವಾಲ್ವರ್ ತಗೊಳ್ಳಬೇಕೇ ಅನ್ನುವುದು ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾನ್ಪುರಕ್ಕೆ. ವೆಬ್ಲಿ ಅಂಡ್ ಸ್ಕಾಟ್ ಮಾರ್ಕ್ 4 ಅನ್ನು ಒಮ್ಮೆ ಕೈಯಲ್ಲಿ ಹಿಡಿದವರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅದರ ಟ್ರಿಗರ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ನಮ್ಮ ಐಓಎಫ್ (ಸರ್ಕಾರಿ ಆರ್ಡ್ನೆನ್ಸ್ ಫ್ಯಾಕ್ಟರಿ, ಅಂದರೆ ಕಾನ್ಪುರದ್ದೇ) ಟ್ರಿಗರ್ ಹೊಸದರಲ್ಲಿ ಬಾವಿಯ ತುಕ್ಕು ಹಿಡಿದ ರಾಟೆ. ಆದರೆ ಚೆನ್ನಾಗಿರುವುದು ಬೇರೆ, ಇರುವುದನ್ನು ಕೊಟ್ಟು ಮೇಲೆ ಹಣವನ್ನೂ ಸುರಿಯುವುದು ಬೇರೆ.

ತಮಾಷೆಯೆಂದರೆ ಎರಡೂ ಒಂದೇ ಮನೆತನ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ವೆಬ್ಲಿಯ ವಿನ್ಯಾಸದಿಂದಲೇ ಹುಟ್ಟಿದ್ದು. ಕೊಂಡಿ ಒತ್ತಿ ನಳಿಕೆ ಬಗ್ಗಿಸಿದರೆ ಸಿಲಿಂಡರ್ ಮೇಲೆದ್ದು ಆರೂ ಖಾಲಿ ಕೇಸುಗಳನ್ನು (ಹಾರಿದ ತೋಟಾಗಳ ಚಿಪ್ಪು) ಎತ್ತಿಕೊಡುವ ಪದ್ಧತಿ ಎರಡರದ್ದೂ. 2023ರಲ್ಲಿ ಬಂದ ಕಾನ್ಪುರದ್ದೇ ಹೊಸ ರಿವಾಲ್ವರ್ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ಅದರ ಮಾತೇ ಬೇರೆ. ಹಾಗಾಗಿ ಇಲ್ಲಿ ವ್ಯತ್ಯಾಸ ಇರುವುದು ಕೆಲಸಗಾರಿಕೆಯಲ್ಲಿ ಮತ್ತು ವಯಸ್ಸಿನಲ್ಲಿ. 1980ರ ದಶಕದಲ್ಲಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಆಯುಧದ ಆಮದು ನಿಂತಿತಲ್ಲ, ವೆಬ್ಲಿಯಂಥ ಬರ್ಮಿಂಗ್‌ಹ್ಯಾಮ್‌ನ ಮಾಲಿಗೆ ಇಂದಿಗೂ ಇರುವ ಬೆಲೆಯಲ್ಲಿ ದೊಡ್ಡ ಪಾಲು ಆ ಅಭಾವದ್ದು, ಉಕ್ಕಿನದ್ದಲ್ಲ.

ಹಳೆಯದರಲ್ಲಿ ನಿಜವಾಗಿ ಕೈಕೊಡುವ ಜಾಗ ಒಂದೇ: ಮೇಲಿನ ಕೊಂಡಿ. ಗುಂಡು ಹಾರಿದ ಪ್ರತಿ ಸಲವೂ ನಳಿಕೆ ಫ್ರೇಮಿನಿಂದ ಬಿಟ್ಟುಕೊಳ್ಳಲು ಎಳೆಯುತ್ತದೆ. ಆ ಎಳೆತವನ್ನು ತಡೆಯುವುದು ಮೇಲೆ ಕೊಂಡಿ, ಕೆಳಗೆ ಕೀಲು. .32 ಮೆತ್ತಗಿನ ತೋಟಾ, ಅದರಿಂದಲೇ ಸವೆಯಬೇಕೆಂದಿಲ್ಲ. ಸವೆಸುವುದು ಮನುಷ್ಯರ ಕೈ. ಸಿನಿಮಾ ಶೈಲಿಯಲ್ಲಿ ಮಣಿಕಟ್ಟು ಝಾಡಿಸಿ ಟಪ್ಪೆಂದು ಮುಚ್ಚುವ ಚಟವಿದ್ದ ಒಬ್ಬನೇ ಒಬ್ಬ ಹಿಂದಿನ ಮಾಲೀಕ ಸಾಕು. ಮುಚ್ಚುವಾಗ ಎಡಗೈಯಿಂದ ನಳಿಕೆ ಹಿಡಿದು ನಿಧಾನ ಎತ್ತಿ, ಕೊಂಡಿ ಕೂತ ಸದ್ದು ಕೇಳಬೇಕು.

ಪರೀಕ್ಷೆ ಹೀಗೆ. ತೆರೆದು ಆರೂ ಚೇಂಬರ್ (ಸಿಲಿಂಡರಿನಲ್ಲಿ ತೋಟಾ ಕೂರುವ ತೂತು) ಖಾಲಿ ಇವೆಯೆಂದು ಕಣ್ಣಿಂದಲೂ ಬೆರಳಿಂದಲೂ ನೋಡಿ. ಮುಚ್ಚಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ನಳಿಕೆ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಿ. ಮೇಲೆ ಆಟ ಕಂಡರೆ ಕೊಂಡಿ ಸವೆದಿದೆ, ಅಡ್ಡಡ್ಡ ಅಲ್ಲಾಡಿದರೆ ಕೀಲು. ಬೆಳಕಿಗೆ ಹಿಡಿದು ಕೊಂಡಿಯ ಸಂದಿಯನ್ನೂ ನೋಡಿ. ಸಡಿಲ ಕೊಂಡಿಯ ರಿವಾಲ್ವರ್‌ನಲ್ಲಿ ಹಾರಿದ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪ್ ಹಿಂದಕ್ಕೆ ಉಬ್ಬಿ ಫ್ರೇಮಿಗೆ ಉಜ್ಜುತ್ತದೆ, ಎರಡನೇ ಮೂರನೇ ಗುಂಡಿಗೇ ಸಿಲಿಂಡರ್ ತಿರುಗಲು ಮೊಂಡು ಹಿಡಿಯುತ್ತದೆ. ಜನ ಆಮೇಲೆ ತೋಟಾ ಸರಿಯಿಲ್ಲ ಎಂದು ಬೈಯುತ್ತಾರೆ.

ಅಂಗಡಿಯಲ್ಲಿ ಬಿಗಿಯಾಗಿ ಕಂಡಿತೆಂದು ನೆಮ್ಮದಿ ಬೇಡ. ಕೊಂಡಿಯ ಕಿವಿಗಳನ್ನು ಸುತ್ತಿಗೆಯಿಂದ ತಟ್ಟಿ ಅಗಲಿಸಿದರೆ ಕೆಲವು ಡಜನ್ ಗುಂಡುಗಳವರೆಗೆ ಬಿಗಿ ನಿಲ್ಲುತ್ತದೆ, ಆಮೇಲೆ ಮೊದಲಿನ ಹಾಗೇ. ತಟ್ಟಿದ ಚಪ್ಪಟೆ ಗುರುತು ಭೂತಗನ್ನಡಿಯಲ್ಲಿ ಕಾಣುತ್ತದೆ. ವೆಲ್ಡಿಂಗ್ ಹಾಕಿ ಅರ ಉಜ್ಜಿದ್ದರೆ ಇನ್ನೂ ಕೆಟ್ಟದ್ದು, ಕಾದು ಮೆತ್ತಗಾದ ಉಕ್ಕು ಬೇಗ ಸವೆಯುತ್ತದೆ. ಹೊಸ ಕೊಂಡಿ ಎಲ್ಲಿಂದ ತರುತ್ತೀರಿ? ಲೈಸೆನ್ಸ್ ಇರುವ ರಿಪೇರಿಯವರು ಕೈಯಲ್ಲೇ ಮಾಡಿ ಕೂರಿಸಬೇಕು, ಅಂಥ ಕೈಗಳು ಕಡಿಮೆಯಾಗುತ್ತಿವೆ. ಒಳಗಿನ ವಿ ಆಕಾರದ ಸ್ಪ್ರಿಂಗ್ ಮುರಿದರೂ ಇದೇ ಪಾಡು. ನನ್ನ ತಕ್ಕಡಿ ಕಾನ್ಪುರದ ಕಡೆ ವಾಲುವುದು ಇಲ್ಲೇ.

ಇನ್ನು ಟೈಮಿಂಗ್, ಅಂದರೆ ಹ್ಯಾಮರ್ ಏಳುವುದಕ್ಕೆ ಸರಿಯಾಗಿ ಸಿಲಿಂಡರ್ ತಿರುಗಿ ನಿಲ್ಲುವುದು. ಹೆಬ್ಬೆರಳಿಂದ ಹ್ಯಾಮರನ್ನು ನಿಧಾನ ಎಳೆಯುತ್ತ ಇನ್ನೊಂದು ಬೆರಳನ್ನು ಸಿಲಿಂಡರ್‌ಗೆ ಹಗುರವಾಗಿ ತಾಗಿಸಿ. ಹ್ಯಾಮರ್ ಪೂರ್ತಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ಲಾಕ್ ಆಗಿರಬೇಕು. ಆಮೇಲೆ ಹ್ಯಾಮರನ್ನು ಹೆಬ್ಬೆರಳಲ್ಲೇ ತಡೆದು ಇಳಿಸಿ, ಟ್ರಿಗರ್ ಒತ್ತಿಹಿಡಿದೇ ಸಿಲಿಂಡರ್ ಅಲ್ಲಾಡಿಸಿ. ವೆಬ್ಲಿ ಬಿಗಿಯಾಗುವುದು ಟ್ರಿಗರ್ ಒತ್ತಿದಾಗ. ಬಿಟ್ಟಾಗ ತುಸು ಆಟ ಸಹಜ. ಆರೂ ಚೇಂಬರ್‌ಗೆ ಬೇರೆ ಬೇರೆ ಮಾಡಿ, ಐದು ಸರಿಯಿದ್ದು ಒಂದು ಕೈಕೊಡುವುದುಂಟು. ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯುವುದು) ಮಾಡುವುದಾದರೆ ಡಮ್ಮಿ ತೋಟಾ ಹಾಕಿ, ಹಳೇ ಹ್ಯಾಮರಿನ ಮೂಗು ಮುರಿದರೆ ಬದಲಿ ಇಲ್ಲ.

ನಳಿಕೆಗೂ ಸಿಲಿಂಡರ್‌ಗೂ ನಡುವಿನ ಸಂದಿಗೆ ಬೈಕ್ ಮೆಕ್ಯಾನಿಕ್ ಟ್ಯಾಪೆಟ್‌ಗೆ ಬಳಸುವ ಫೀಲರ್ ಗೇಜ್ ಸಾಕು. 0.10ರಿಂದ 0.25 ಮಿ.ಮೀ. ಒಳಗಿದ್ದರೆ ಸರಿ. ನಳಿಕೆಯೊಳಗೆ ಕಪ್ಪು ಉಂಗುರ ಕಂಡರೆ ಮಾತು ಅಲ್ಲಿಗೇ ಮುಗಿಸಿ: ಹಿಂದೆಂದೋ ಒಂದು ಗುಂಡು ಒಳಗೇ ಸಿಕ್ಕಿ, ಅದರ ಬೆನ್ನಿಗೆ ಇನ್ನೊಂದು ಹಾರಿ ನಳಿಕೆ ಉಬ್ಬಿರುತ್ತದೆ.

ತೋಟಾ ವಿಷಯದಲ್ಲಿ ಮೋಸ ಹೋಗಬೇಡಿ. ನಮಗೆ ಸಿಗುವುದು ಖಡ್ಕಿ ಕಾರ್ಖಾನೆಯ .32 ಲಾಂಗ್, ಕೇಸಿನ ಉದ್ದ ಸುಮಾರು 23 ಮಿ.ಮೀ. ಹಳೇ ಪಾಕೆಟ್ ಮಾದರಿಗಳಲ್ಲಿ ಕೆಲವು .32 ಶಾರ್ಟ್‌ಗೆ ಕೊರೆದವು, ಅದರ ಕೇಸು 15 ಮಿ.ಮೀ. ಚಿಲ್ಲರೆ. ಶಾರ್ಟ್ ಲಾಂಗ್‌ನಲ್ಲಿ ಕೂರುತ್ತದೆ, ಲಾಂಗ್ ಶಾರ್ಟ್‌ನಲ್ಲಿ ಕೂರುವುದಿಲ್ಲ. ಆರೂ ಚೇಂಬರ್‌ಗೆ ಲಾಂಗ್ ಡಮ್ಮಿ ಹಾಕಿ ನೋಡಿ. ಕೂರದಿದ್ದರೆ ಯಾರಾದರೂ ‘ಸ್ವಲ್ಪ ಕೊರೆಸಿದರಾಯಿತು’ ಅಂದಾರು, ಬೇಡವೇ ಬೇಡ. .38 ವೆಬ್ಲಿ ಸಿಗುತ್ತದೆ ಅನ್ನುವವರಿಂದಲೂ ದೂರವಿರಿ. ಸೇನೆಯ .380 ಮತ್ತು .455 ತೋಟಾ ಹಾರಿಸಬಲ್ಲ ಆಯುಧಗಳು ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸ್‌ಗೆ ಸಲ್ಲವು.

ಕಾನ್ಪುರದ್ದಕ್ಕೆ ಬೈಗುಳ ಸಾಕಷ್ಟಿದೆ. ಫಿನಿಶಿಂಗ್ ಒರಟು, ಹಿಡಿಕೆ ದೊಡ್ಡ ಕೈಗೆ ಸಾಲದು, ಡಬಲ್ ಆಕ್ಷನ್‌ನಲ್ಲಿ (ಹ್ಯಾಮರ್ ಮೊದಲೇ ಎತ್ತದೆ ಬರೀ ಟ್ರಿಗರ್‌ನಿಂದ) ಎಳೆಯುವಷ್ಟರಲ್ಲಿ ಗುರಿಯೇ ಕದಲುತ್ತದೆ. ಆದರೆ ಸ್ಪ್ರಿಂಗ್ ಕತ್ತರಿಸಲು ಕೊಡಬೇಡಿ. ಏಟು ಹಗುರಾಗಿ ತೋಟಾ ಹೊತ್ತಿಕೊಳ್ಳುವುದಿಲ್ಲ. ಡಮ್ಮಿ ಹಾಕಿ ದಿನಕ್ಕೆ ಐವತ್ತರಂತೆ ಕೆಲವು ವಾರ ಎಳೆದರೆ ಒಳಭಾಗ ತಾನೇ ನಯವಾಗುತ್ತದೆ. ಖಾಲಿ ಕೇಸಿನ ಅಂಚು ಅದನ್ನು ಎತ್ತಿಕೊಡುವ ಎಕ್ಸ್‌ಟ್ರ್ಯಾಕ್ಟರ್ ಕೆಳಗೆ ಸಿಕ್ಕುವ ಕಿರಿಕಿರಿ ಎರಡಕ್ಕೂ ಇದೆ: ತೆರೆಯುವಾಗ ನಳಿಕೆಯ ಬಾಯಿ ಮೇಲ್ಮುಖವಾಗಿರಲಿ, ಕೈ ಅರ್ಧಕ್ಕೆ ನಿಲ್ಲಿಸಬೇಡಿ.

ಕಾಗದಪತ್ರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಬ್ಬರು ಲೈಸೆನ್ಸ್‌ದಾರರು ಅದಲುಬದಲು ಮಾಡಿಕೊಂಡರೂ ಕಾನೂನಿನ ಕಣ್ಣಿಗೆ ಅದು ಎರಡು ವರ್ಗಾವಣೆ. ಆಯುಧ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಮೊದಲು ಲಿಖಿತ ಮಾಹಿತಿ ಕೊಟ್ಟು 45 ದಿನ ಕಾಯಬೇಕು. ಜಿಲ್ಲೆಯಲ್ಲಾದರೆ ಡಿಸಿ ಕಚೇರಿ, ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿ. ಫ್ರೇಮಿನ ನಂಬರ್ ಲೈಸೆನ್ಸ್ ಪುಸ್ತಕದಲ್ಲಿದ್ದಂತೆ ಒಂದಂಕೆಯೂ ತಪ್ಪದೆ ಇರಬೇಕು. ಪಾಲಿಶ್ ಹೊಡೆದು ಅಕ್ಷರ ಮಾಸಿದ್ದರೆ, ಸ್ಕ್ರೂ ತೂತಿನ ಅಂಚು ತಗ್ಗಾಗಿದ್ದರೆ ಕೈಬಿಡಿ.

2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ. ಮಲೆನಾಡಿನ ತೋಟದವರಿಗೆ ಒಂದು ಜಾಗ ಜೋಡುನಳಿಕೆಗೇ ಹೋಗುತ್ತದೆ, ಉಳಿದ ಒಂದರಲ್ಲಿ ಕೂರುವುದು ಯಾವ ದಿನವೂ ನಡೆಯುವಂಥದ್ದಾಗಿರಬೇಕು. ಚುನಾವಣೆ ಬಂದರೆ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಅಲ್ಲಿನ ಕಪಾಟಿನಲ್ಲಿ ತಿಂಗಳು ಕೂತು ಬಂದ ಕಾನ್ಪುರದ್ದಕ್ಕೆ ಎಣ್ಣೆಬಟ್ಟೆ ಎಳೆದರೆ ಮುಗಿಯಿತು, ವೆಬ್ಲಿಯ ನೀಲಿ ಹೊಳಪಿನ ಮೇಲೆ ಕೂತ ತುಕ್ಕಿನ ಚುಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ ಯಾವುದನ್ನೂ ಚರ್ಮದ ಚೀಲದಲ್ಲಿ ಇಡಬೇಡಿ.

ವರ್ಷಕ್ಕೆ ಐವತ್ತು ಗುಂಡು ಹಾರಿಸಿ ಉಳಿದ ದಿನ ಬೀಗ ಹಾಕಿಡುವ ನನ್ನಂಥವರಿಗೆ ಮೇಲಿನ ಹಣ ದಂಡ. ಕೊಂಡಿಯಲ್ಲಿ ಕೂದಲೆಳೆಯಷ್ಟೂ ಆಟವಿಲ್ಲದ, ಆರು ಚೇಂಬರೂ ಲಾಂಗ್ ತಗೊಳ್ಳುವ ಮಾರ್ಕ್ 4 ಗುರುತಿನವರ ಮನೆಯಿಂದ ಬಂದರೆ, ಜೊತೆಗೆ ಎರಡನೇ ಜಾಗ ಖಾಲಿಯಿದ್ದರೆ, ತಗೊಳ್ಳಿ. ಕಾನ್ಪುರದ್ದನ್ನು ಕೊಟ್ಟು ಮಾತ್ರ ಬೇಡ.