ಹಳೇ ಹಿಟಾಚಿಗೆ ಕ್ರ್ಯಾಂಕ್ ಸೀಲ್, ರಬ್ಬರ್ ಕಪ್ಲಿಂಗ್: ವರ್ಷ ದಾಟಿದ ಮೇಲಿನ ಅನುಭವ

ಮಾರ್ಕು ಮೊದಲೇ ಕೊಟ್ಟುಬಿಡುತ್ತೇನೆ, ಪುರುಸೊತ್ತಿದ್ದವರು ಮುಂದೆ ಓದಿ. ಕ್ರ್ಯಾಂಕ್ ಶಾಫ್ಟಿನ ಸುತ್ತ ಕೂತು ಎಂಜಿನ್ ಎಣ್ಣೆ ಹೊರಬಾರದಂತೆ ತಡೆಯುವ ಸೀಲ್‌ಗೆ ಐದಕ್ಕೆ ಐದು. ಎಂಜಿನ್ನನ್ನು ಹೈಡ್ರಾಲಿಕ್ ಪಂಪಿಗೆ ಜೋಡಿಸುವ ಕಪ್ಲಿಂಗ್‌ನ ರಬ್ಬರಿಗೆ ನಾಲ್ಕು. ಆ ಕಪ್ಲಿಂಗ್ ಡಬ್ಬಿಯೊಳಗೇ ಹಾಕಿಕೊಟ್ಟಿದ್ದ ಬೋಲ್ಟ್‌ಗಳಿಗೆ ಸೊನ್ನೆ.

ಗಾಡಿ 20 ಟನ್ನಿನದು, ಒಳಗೆ ಇಸುಜು 6ಬಿಜಿ1, ಆರೂವರೆ ಲೀಟರ್ ಎಂಜಿನ್. ನನ್ನ ಕೈಗೆ ಬರುವ ಹೊತ್ತಿಗೆ ಅದಾಗಲೇ ಇಬ್ಬರು ಮಾಲೀಕರನ್ನು ಕಂಡಿತ್ತು. ಅರಸೀಕೆರೆ, ತಿಪಟೂರು ಕಡೆ ಕೆರೆ ಹೂಳು, ಕೃಷಿ ಹೊಂಡ, ತೆಂಗಿನ ತೋಟದ ಟ್ರೆಂಚು, ಇಷ್ಟೇ ನಮ್ಮ ಕೆಲಸ. ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ ದುಡಿದದ್ದೇ ವರ್ಷದ ದುಡಿಮೆ. ಏಪ್ರಿಲ್‌ನಲ್ಲಿ ಗಾಡಿ ನಿಂತರೆ ಬಾಡಿಗೆ ಪಕ್ಕದೂರಿನವನ ಪಾಲು. ಒರಿಜಿನಲ್ ಕಪ್ಲಿಂಗ್ ಬಿಟ್ಟು, ಅದರ ಮೂರನೇ ಒಂದು ಪಾಲು ಬೆಲೆಗೆ ಸಿಕ್ಕ ಲೋಕಲ್ ಸೆಟ್ ಹಾಕಿಸಿದ್ದಕ್ಕೆ ಇದೇ ಕಾರಣ. ಕಂತು ಕಟ್ಟುವವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಸೀಲ್ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ತೊಂದರೆ ಕೊಟ್ಟಿಲ್ಲ. ಫ್ಲೈವೀಲ್ ಹೌಸಿಂಗ್ (ಎಂಜಿನ್ನಿನ ಹಿಂದಿನ ದೊಡ್ಡ ಚಕ್ರದ ಕವಚ) ಅಡಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಹಿಂದಿನ ಮಾಲೀಕರ ಕಾಲದಲ್ಲೂ ಸೀಲ್ ಬದಲಾಗಿದ್ದ ಗುರುತಿತ್ತು, ಆದರೂ ಸೋರಿಕೆ ನಿಂತಿರಲಿಲ್ಲ. ಹಾಸನದಿಂದ ಬಂದ ಮೆಕ್ಯಾನಿಕ್ ಭಾಯ್ ಸ್ಪ್ಯಾನರ್ ಮುಟ್ಟುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಬಾಯಿಯ ಮೇಲೆ ಸುಮ್ಮನೆ ಇಟ್ಟರು. ಮುಚ್ಚಳ ಕುಣಿದು ಕೆಳಗೆ ಬಿತ್ತು. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನ ತುದಿ ನೋಡಿದರೆ, ಮಳೆಗಾಲದಲ್ಲಿ ಗಾಡಿ ನಿಂತಿದ್ದಾಗ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದರ ಮೇಲೆ ಎಣ್ಣೆ ಜಿಡ್ಡು ಕೂತು ಗಟ್ಟಿಯಾಗಿತ್ತು. ಒಳಗಿನ ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಸೀಲಿನ ತುಟಿಯನ್ನೇ ತಳ್ಳಿಕೊಂಡು ಹೊರಗೆ ಬರುತ್ತದೆ. ಎಂಥ ಸೀಲ್ ಹಾಕಿದರೂ ಅಷ್ಟೇ.

ಇನ್ನೊಂದು ಕಾರಣ ಕ್ರ್ಯಾಂಕಿನ ಮೇಲಿತ್ತು. ಹಳೇ ಸೀಲ್ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಉಗುರಿಗೆ ಸಿಗುವಂಥ ಗೆರೆ ಕೊರೆದಿತ್ತು. ಅದರ ಮೇಲೆ ಕಾಲು ಮಿಲಿಮೀಟರ್‌ ಆಸುಪಾಸಿನ ದಪ್ಪದ ಸ್ಟೀಲ್ ಸ್ಲೀವ್ ತೊಡಿಸಿ, ವಿಟಾನ್ ರಬ್ಬರಿನ ಸೀಲ್ ಕೂರಿಸಿದರು. ಸ್ಲೀವ್ ಅಷ್ಟು ತೆಳು ಇರುವುದರಿಂದ ಸೀಲಿನ ಸೈಜ್ ಬದಲಿಸಬೇಕಿಲ್ಲ. ವಿಟಾನ್ ಮಾಮೂಲಿ ನೈಟ್ರೈಲ್‌ಗಿಂತ ದುಬಾರಿ, ಆದರೆ ಮೇ ತಿಂಗಳ ಬಿಸಿಲಲ್ಲಿ ಕೆರೆ ಅಂಗಳದಲ್ಲಿ ದುಡಿಯುವ ಎಂಜಿನ್ನಿಗೆ ಆ ಬಿಸಿ ತಾಳುವ ಗುಣ ಬೇಕೇ ಬೇಕು.

ಅಂದಿನಿಂದ ನನಗೊಂದು ಚಾಳಿ ಹತ್ತಿದೆ. ಬೆಳಿಗ್ಗೆ ಆಪರೇಟರ್ ಬರುವ ಮೊದಲೇ ಹೋಗಿ, ಹೌಸಿಂಗ್ ಅಡಿಯ ತೂತಿಗೆ ಬೆರಳು ಹಾಕಿ ಒಳಗಡೆ ಒಂದು ಸುತ್ತು ಸವರಿ ತೆಗೆಯುತ್ತೇನೆ. ಬೆರಳು ಒಣಗಿದ್ದರೆ ಟೀ. ಒದ್ದೆ ಇದ್ದರೆ ಬೆರಳನ್ನು ಬಿಳಿ ಬಟ್ಟೆಗೆ ಒರೆಸಿ ನೋಡಬೇಕು: ಕಪ್ಪಗಿದ್ದು ಸುಟ್ಟ ಡೀಸೆಲ್ ವಾಸನೆ ಬಂದರೆ ಕ್ರ್ಯಾಂಕ್ ಸೀಲ್, ಜೇನಿನ ಬಣ್ಣಕ್ಕೆ ತಿಳಿಯಾಗಿದ್ದರೆ ಅದು ಹೈಡ್ರಾಲಿಕ್ ಎಣ್ಣೆ, ಸೋರುತ್ತಿರುವುದು ಪಂಪಿನ ಶಾಫ್ಟ್ ಸೀಲ್. ಎರಡೂ ಒಂದೇ ಹೌಸಿಂಗ್‌ಗೆ ಸುರಿಯುವುದರಿಂದ ಇದನ್ನು ನೋಡದೆ ಎಂಜಿನ್ ಬಿಚ್ಚುವವರಿದ್ದಾರೆ. ನನ್ನ ಹೆಂಡತಿಗೆ ಈ ಬಟ್ಟೆಗಳನ್ನು ಕಂಡರಾಗದು. ಆದರೆ ಒಣಗಿದ ಬೆರಳು ನೋಡಿ ಕುಡಿದ ಟೀಗೆ ಬೇರೆಯದೇ ರುಚಿ.

ಇನ್ನು ಬೋಲ್ಟ್.

ಎಂಜಿನ್ನಿನ ಶಕ್ತಿ ಪಂಪಿಗೆ ಹೋಗುವುದು ಈ ದಪ್ಪ ರಬ್ಬರ್ ಉಂಗುರದ ಮೂಲಕ. ಇದರಲ್ಲಿ ಕೆಲವು ಬೋಲ್ಟ್‌ಗಳು ಫ್ಲೈವೀಲ್ ಕಡೆ ಪಿನ್ ಹಿಡಿದುಕೊಳ್ಳುತ್ತವೆ; ಪಂಪನ್ನು ತಳ್ಳಿ ಕೂರಿಸುವಾಗ ರಬ್ಬರ್ ಆ ಪಿನ್‌ಗಳ ಮೇಲೆ ಜಾರಿ ಕೂರುತ್ತದೆ. ಉಳಿದವು ರಬ್ಬರನ್ನು ಹೊರಗಿನಿಂದ, ಪಂಪಿನ ಶಾಫ್ಟಿಗೆ ಕೂರುವ ನಡುವಿನ ಹಬ್‌ ಕಡೆಗೆ ಎಳೆದು ಬಿಗಿಯುತ್ತವೆ. ಜೀವ ಇರುವುದು ಈ ಎರಡನೇ ಜಾತಿಯಲ್ಲಿ. ಬಿಗಿದಾಗ ರಬ್ಬರ್ ಮೊದಲೇ ಅದುಮಿಕೊಂಡಿರುತ್ತದೆ, ಅದುಮಿದ ರಬ್ಬರ್ ಎಷ್ಟು ಬೇಕಾದರೂ ತಡೆಯುತ್ತದೆ. ಬೋಲ್ಟ್ ಸಡಿಲವಾದ ಕ್ಷಣ ಆ ಅದುಮು ಹೋಗಿ ಬರೀ ಎಳೆತ ಉಳಿಯುತ್ತದೆ. ಎಳೆದ ರಬ್ಬರ್ ಹರಿಯುತ್ತದೆ. ಹರಿದರೆ ಎಂಜಿನ್ ಗುರುಗುಡುತ್ತಾ ನಿಂತಿರುತ್ತದೆ, ಬೂಮ್ ಒಂದಿಂಚೂ ಏಳುವುದಿಲ್ಲ.

ಹಾಗಾಗಿಯೇ ಕಂಪನಿ ಬೋಲ್ಟ್‌ಗಳ ಮರೆಗೆ (ತಿರುಪಿನ ಸುತ್ತುಗೆರೆಗೆ) ಸಡಿಲವಾಗದಂತೆ ಹಿಡಿಯುವ ಲಾಕ್ ಪೇಸ್ಟ್ ಮೊದಲೇ ಬಳಿದು ಒಣಗಿಸಿರುತ್ತಾರೆ, ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ನನ್ನ ಸೆಟ್ಟಿನಲ್ಲಿ ಬಂದವು? ಬೋಳು ಬೋಲ್ಟ್. ತಲೆಯ ಮೇಲೆ ಗ್ರೇಡ್ ಗುರುತಿಲ್ಲ. ಮೈಗೆಲ್ಲ ಎಣ್ಣೆ. ಎಷ್ಟು ಬಿಗಿಯಬೇಕು ಅಂತ ಹೇಳುವ ಚೀಟಿಯೂ ಇಲ್ಲ. ಭಾಯ್ ಮೂಗು ಮುರಿದರು, ಆದರೆ ಅಂಗಡಿಯವರು ಫೋನಿನಲ್ಲಿ “ಸಾವಿರಾರು ಗಾಡಿಗೆ ಹೋಗಿದೆ ಸಾರ್” ಅಂದಮೇಲೆ ಅದನ್ನೇ ಹಾಕಿದರು.

ಗಣೇಶನ ಹಬ್ಬದ ಹೊತ್ತಿಗೆ ಆಪರೇಟರ್ ಹೇಳಿದ, “ಅಣ್ಣ, ಆಫ್ ಮಾಡುವಾಗ ಹಿಂದ್ಗಡೆ ಕಟಕಟ ಅಂತೈತೆ.” ಓಡುವಾಗ ಏನೂ ಇಲ್ಲ, ಐಡಲಿನಲ್ಲಿ ಸಣ್ಣಗೆ, ಎಂಜಿನ್ ನಿಲ್ಲುವಾಗ ಜೋರಾಗಿ. ಮತ್ತೆ ಚೈನ್ ಬ್ಲಾಕ್, ಮತ್ತೆ ನೂರು ಕಿಲೋ ಮೀರಿದ ಪಂಪು, ಮತ್ತೆ ಹೈಡ್ರಾಲಿಕ್ ಟ್ಯಾಂಕಿನ ಬಾಯಿಗೆ ವ್ಯಾಕ್ಯೂಮ್ ಹಿಡಿದು ಎಣ್ಣೆ ಸುರಿಯದಂತೆ ನೋಡಿಕೊಳ್ಳುವ ಸರ್ಕಸ್. ಬಿಚ್ಚಿದರೆ ಬೋಲ್ಟಿನ ಬುಡದಲ್ಲೆಲ್ಲ ಕುಂಕುಮದಂಥ ತುಕ್ಕಿನ ಪುಡಿ. ಹಬ್ಬಿನ ಎರಡು ಬೋಲ್ಟ್ ಕೈಯಲ್ಲೇ ತಿರುಗಿದವು. ಬೋಲ್ಟಿನಲ್ಲಿ ಅವರು ಉಳಿಸಿದ್ದು ಒಂದು ಊಟದ ಕಾಸು. ಕೂಲಿ, ಎಣ್ಣೆ, ನಿಂತ ಗಾಡಿ ಸೇರಿ ನನಗೆ ಬಿದ್ದದ್ದು ಸೆಟ್ಟಿನ ಬೆಲೆಗಿಂತ ಹೆಚ್ಚು. ಅವತ್ತು ಬರೆದಿದ್ದರೆ ಈ ವಿಮರ್ಶೆ ಒಂದೇ ಸಾಲಿನದಾಗುತ್ತಿತ್ತು.

ಆದರೆ ರಬ್ಬರ್ ಕೈಗೆತ್ತಿಕೊಂಡಾಗ ಸಿಟ್ಟು ಸ್ವಲ್ಪ ಇಳಿಯಿತು. ಬಿರುಕಿಲ್ಲ, ಅಂಟಿಲ್ಲ. ಹಿಂದೆ ತೆಗೆದ ಒರಿಜಿನಲ್ ಉಂಗುರ ಸೀಲಿನಿಂದ ಸೋರಿದ ಎಣ್ಣೆ ಕುಡಿದು ಊದಿ, ಉಗುರು ಒತ್ತಿದರೆ ಅಚ್ಚು ಮೂಡುವಷ್ಟು ಮೆತ್ತಗಾಗಿತ್ತು. ಎಂಜಿನ್ ಆಯಿಲ್‌ ಇಂಥ ರಬ್ಬರಿಗೆ ವಿಷ. ಈಗ ಸೀಲ್ ಸೋರದಿದ್ದುದರಿಂದ ಲೋಕಲ್ ರಬ್ಬರೂ ಬದುಕಿತ್ತು. ಹಾಗಾಗಿ ಅದನ್ನೇ ಉಳಿಸಿಕೊಂಡು, 10.9 ಗ್ರೇಡಿನ ಗಟ್ಟಿ ಬೋಲ್ಟ್ ಬೇರೆ ತಂದೆವು. ಮರೆಯ ಎಣ್ಣೆ ಪೂರ್ತಿ ತೊಳೆದು ಲಾಕ್ ಪೇಸ್ಟ್ ಹಚ್ಚಿ, ತಲೆಯ ಅಡಿಗೆ ಮಾತ್ರ ಚೂರು ಗ್ರೀಸ್ ಮುಟ್ಟಿಸಿದರು. ಇಲ್ಲದಿದ್ದರೆ ಬಿಗಿಯುವಾಗ ಬೋಲ್ಟಿನ ಜೊತೆ ರಬ್ಬರೂ ತಿರುಚಿಕೊಳ್ಳುತ್ತದಂತೆ. ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ವ್ರೆಂಚ್ ಹಾಸನದಿಂದಲೇ ತರಿಸಿದೆ. ಸ್ಟಾರ್ಟ್ ಮಾಡುವ ಮೊದಲು ಪಂಪಿನ ಹೊಟ್ಟೆಗೆ ಎಣ್ಣೆ ತುಂಬಿಸುವುದನ್ನು ಮಾತ್ರ ನಾನು ಎದುರಿಗೇ ನಿಂತು ನೋಡಿದೆ. ಒಣಗಿದ ಪಂಪು ತಿರುಗಿದರೆ ಕಪ್ಲಿಂಗ್ ಉಳಿಸಿದ ದುಡ್ಡಿನ ಹತ್ತು ಪಟ್ಟು ಹೋಗುತ್ತದೆ.

ಈಗ ಈ ಬೇಸಿಗೆಯೂ ಮುಗಿಯುತ್ತಾ ಬಂತು. ಗಾಡಿ ಆಫ್ ಮಾಡಿದರೆ ಒಂದು ಉಸಿರು ಬಿಟ್ಟು ನಿಲ್ಲುತ್ತದೆ, ಹಿಂದೆ ಸದ್ದಿಲ್ಲ. ಮಣ್ಣು ತೆಗೆಯುವ ಕೆಲಸಕ್ಕೆ ಈ ರಬ್ಬರ್ ಸಾಕು. ಬಂಡೆ ಒಡೆಯಲು ಬ್ರೇಕರ್ ಹಾಕುವವರು ಮಾತ್ರ ಸಾಲ ಮಾಡಿಯಾದರೂ ಒರಿಜಿನಲ್ಲೇ ಹಾಕಿಸಿ, ಆ ಹೊಡೆತಕ್ಕೆ ಇದನ್ನು ನಾನು ನಂಬುವುದಿಲ್ಲ.

ಬೋಲ್ಟಿನ ಬಗ್ಗೆ ಅಂಗಡಿಯವರಿಗೂ ಫೋನ್ ಮಾಡಿದ್ದೆ. “ಅದನ್ನ ಹಾಕ್ಬೇಡಿ ಸಾರ್, ಬೇರೆ ತಗೊಳ್ಳಿ, ಎಲ್ಲರೂ ಹಂಗೇ ಮಾಡೋದು” ಅಂದರು. ಮತ್ತೆ ಡಬ್ಬಿಯಲ್ಲಿ ಯಾಕೆ ಹಾಕಿ ಕೊಡ್ತೀರಿ ಅಂದೆ.

“ಸೆಟ್ ಅಂದ್ಮೇಲೆ ಬೋಲ್ಟ್ ಇರ್ಬೇಕಲ್ವಾ ಸಾರ್?”